ಜಿಲ್ಲೆಯಲ್ಲಿ ಇಲ್ಲದ ಹುಳ

ಬಾಳೆಎಲೆಯ ಪೊಟ್ಟಣವನ್ನು ಜವಾನ ಮರಿಯಯ್ಯ ಮೇಜಿನ ಮೇಲಿಟ್ಟು ಹೋಗಿ ಕಾಲು ಗಂಟೆಯಾಗಿತ್ತು. ದೊರೆಸ್ವಾಮಿ ಅದನ್ನಿನ್ನೂ ಬಿಚ್ಚಿರಲಿಲ್ಲ. ಬಿಚ್ಚದೆಯೂ ಒಳಗೇನಿದೆಯೆಂಬುದು ಅವನಿಗೆ ಗೊತ್ತಿತ್ತು, ಯಾಕೆಂದರೆ ಪೊಟ್ಟಣದ ಬಾಯಿಂದ ಇರುವೆಗಳು ಹೊರಬಿದ್ದು ಮೇಜಿನ ಹಸಿರು ಬಟ್ಟೆಯ ಮೇಲೆ ಸಾಲುಗಟ್ಟಿ ಮಸಿಕುಡಿಕೆಯ ಕಡೆಗೆ ಹೊರಟಿದ್ದವು. ಬರಿಯ ನಿಂಬೆರೆಂಬೆಗೆ ಹೀಗೆ ಇರುವೆ ಮುತ್ತುವುದಿಲ್ಲ. ರಸ ಹೀರಿ ಸಿಹಿನೀರು ಸುರಿಸುವ ಹುಳ ಅದರ ಮೇಲೆ ಕೂತಿದ್ದರೆ ಮುತ್ತುತ್ತವೆ. ಇದನ್ನು ಅವನು ಹನ್ನೊಂದು ವರ್ಷದಿಂದ ಹಳ್ಳಿಹಳ್ಳಿಗೆ ಹೋಗಿ ಹೇಳಿಬಂದಿದ್ದ. ಹೇಳುವಾಗಲೆಲ್ಲ ತಾನೇ ಕಂಡುಹಿಡಿದವನ ಹಾಗೆ ದನಿ ತಗ್ಗಿಸುತ್ತಿದ್ದ. ಈ ದಿನ ಬೆಳಿಗ್ಗೆ ಸರಸ್ವತಿಪುರಂನ ಬಾಡಿಗೆ ಮನೆಯ ಅಂಗಳದಲ್ಲಿ ಹಲ್ಲುಜ್ಜುತ್ತ ನಿಂತಿದ್ದಾಗ, ಊಟಿಯಿಂದ ತಂದ ಹಳದಿ ಗುಲಾಬಿಯ ಕಾಂಡದ ಮೇಲೂ ಇರುವೆಗಳು ಇದೇ ರೀತಿ, ಯಾವುದೋ ಆಫೀಸಿಗೆ ಹೊತ್ತಾದವರಂತೆ, ಹತ್ತಿ ಇಳಿಯುತ್ತಿದ್ದವು. ಬಗ್ಗಿ ಎಲೆಯೊಂದನ್ನು ಮಗುಚಿದ್ದ. ಹಿಂದಿನಿಂದ ಹೆಂಡತಿ ಸುಂದರಮ್ಮ "ಏನ್ರೀ ಅದು?" ಎಂದು ಕೇಳಿದೊಡನೆ ಆ ಎಲೆಯನ್ನು ಅಂಗೈಯಲ್ಲಿ ಮುಚ್ಚಿ, ಏನಿಲ್ಲ, ಇಬ್ಬನಿ ಎಂದಿದ್ದ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬಾಯಿತುಂಬ ಹಲ್ಲುಪುಡಿ ಇರುವಾಗ ಉದ್ದನೆಯ ಸತ್ಯ ಹೇಳುವುದು ಕಷ್ಟ.

ಕೊನೆಗೆ ಪೊಟ್ಟಣ ಬಿಚ್ಚಿದ. ಗೇಣುದ್ದದ ನಿಂಬೆರೆಂಬೆ, ಅದರ ತುಂಬ ಅವು. ಕಂದುಗೆಂಪು ಬೆನ್ನಿನ ಪುಟ್ಟ ಹುಳಗಳು, ಹಿಂದೆ ಗೆರೆಗೆರೆಯಾದ ಹತ್ತಿಯ ಚೀಲ ಹೊತ್ತು, ಮದುವೆಮನೆಯಲ್ಲಿ ಗೋಡೆಗೊರಗಿ ಕೂತ ದಪ್ಪ ಮುತ್ತೈದೆಯರ ಹಾಗೆ ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಒಂದೊಂದು ಚೀಲದಲ್ಲಿ ನೂರಾರು ಕೆಂಪು ಮೊಟ್ಟೆ. ಎಲ್ಲಿಯ ಆಸ್ಟ್ರೇಲಿಯಾ, ಎಲ್ಲಿಯ ನಿಂಬೆರೆಂಬೆ. ಯಾರದೋ ಸಸಿಯ ಜೊತೆ ಹಡಗು ಹತ್ತಿ ನೀಲಗಿರಿಗೆ ಬಂದಿಳಿದ ಈ ಹುಳ ಘಟ್ಟ ಇಳಿದು ಮೈಸೂರು ಸೀಮೆಗೆ ಕಾಲಿಡಬಾರದೆಂದೇ ದೊರೆಸ್ವಾಮಿಗೆ ಕೃಷಿ ಇಲಾಖೆ ನೌಕರಿ ಕೊಟ್ಟಿತ್ತು. ಅದೂ ಹಂಗಾಮಿ ನೌಕರಿ. ಹುಳ ಬರಬಹುದೆಂಬ ಭಯ ಇರುವ ತನಕ ಅವನ ಹುದ್ದೆ ಇರುತ್ತದೆ. ಬಂದೇಬಿಟ್ಟರೆ, ತಡೆಯಲಾರದವನನ್ನು ಇಟ್ಟುಕೊಂಡು ಏನು ಮಾಡುತ್ತಾರೆ? ಎದುರು ಗೋಡೆಯ ಮೇಲೆ, ದಸರಾ ವಸ್ತುಪ್ರದರ್ಶನದಲ್ಲಿ ಬಹುಮಾನ ಪಡೆದ ಇಲಾಖೆಯ ಚಿತ್ರಪಟ ತೂಗುತ್ತಿತ್ತು. ಅದರಲ್ಲಿ ಇದೇ ಹುಳ ಎಮ್ಮೆಯಷ್ಟು ದೊಡ್ಡದಾಗಿ, ಮೀಸೆ ಹೊತ್ತು, ಕೋರೆಹಲ್ಲು ಕಿಸಿದು ನಿಂತಿತ್ತು. ಕಲಾವಿದ ಅದಕ್ಕೆ ಎಂಟು ಕಾಲು ಬರೆದಿದ್ದ. ಆರೇ ಕಾಲು ಇರಬೇಕೆಂದು ದೊರೆಸ್ವಾಮಿ ಹೇಳಿದ್ದಕ್ಕೆ ಸಾಹೇಬರು, ಇರಲಿ, ರೈತರಿಗೆ ಇನ್ನಷ್ಟು ಭಯ ಬರಲಿ ಎಂದಿದ್ದರು. ಆ ಪಟ ನೋಡಿದ ರೈತ ಯಾರೂ ಇಷ್ಟು ಬೆಳ್ಳಗೆ, ಇಷ್ಟು ಮೆತ್ತಗೆ, ಇಷ್ಟು ಸಾಧುವಾಗಿ ಕೂತಿರುವ ಇದನ್ನು ಗುರುತಿಸುವಂತಿರಲಿಲ್ಲ.

ಪೊಟ್ಟಣವನ್ನು ಹಳ್ಳಿಯಿಂದ ತಂದಿದ್ದ ಜವರಯ್ಯ ಜಗಲಿಯ ಬೆಂಚಿನ ತುದಿಯಲ್ಲಿ, ಒರಗಿದರೆ ಬೆಂಚು ಬೈಯುತ್ತದೇನೋ ಎಂಬಂತೆ ನೆಟ್ಟಗೆ ಕೂತಿದ್ದ. ಹೆಬ್ಬಾಳದಲ್ಲಿ ಅವನಿಗೆ ಅರವತ್ತು ನಿಂಬೆಗಿಡ. ಅವನ ಹೆಂಡತಿ ಬೆಟ್ಟಮ್ಮ ಬುಟ್ಟಿ ಹೊತ್ತು ದೇವರಾಜ ಮಾರುಕಟ್ಟೆಗೆ ಬಂದು ಮಾರುತ್ತಾಳೆ, ಸಾಹೇಬರ ಮನೆಗೂ ಅವಳದೇ ನಿಂಬೆಹಣ್ಣು. ಒಳಗೆ ಕರೆದಾಗ ಅವನು ಮೇಜಿನಿಂದ ಮೂರು ಮೊಳ ದೂರ ನಿಂತು, "ನಿಂಬೆ ಗಿಡ್ದಲ್ಲಿ ಹತ್ತಿ ಬುಟ್ಟದೆ ಸ್ವಾಮಿ. ಆರು ಗಿಡಕ್ಕೆ ಹತ್ಕಂಡದೆ. ಮಿಕ್ಕಿದ್ದಕ್ಕೆ ಹತ್ತೋಕ್ ಮುಂಚೆ ಏನಾರ ಮದ್ದು ಕೊಡಿ," ಎಂದ. ಹೊಸ ಹುಳ ಕಂಡರೆ ಬಚ್ಚಿಡಬೇಡಿ, ಕೂಡಲೇ ಇಲಾಖೆಗೆ ತಂದು ತೋರಿಸಿ ಎಂದು ಹೋದ ವರ್ಷ ಹೆಬ್ಬಾಳದ ಅರಳೀಕಟ್ಟೆಯ ಮೇಲೆ ನಿಂತು ಭಾಷಣ ಮಾಡಿದವನು ತಾನೇ ಎಂಬುದು ದೊರೆಸ್ವಾಮಿಗೆ ನೆನಪಾಯಿತು. ಹನ್ನೊಂದು ವರ್ಷದ ಭಾಷಣಗಳಲ್ಲಿ ಒಂದನ್ನು ಒಬ್ಬ ಮನುಷ್ಯ ನಂಬಿದ್ದ. ದೊರೆಸ್ವಾಮಿಗೆ ಅವನ ಮೇಲೆ ಸಿಟ್ಟು ಬಂತು. ಬಚ್ಚಿಟ್ಟುಕೊಂಡು ಸುಮ್ಮನಿರಬಾರದಿತ್ತೇ? "ಆಯ್ತು, ಹೋಗು, ನಾವು ಬಂದು ನೋಡ್ತೀವಿ," ಎಂದು ಅವನನ್ನು ಕಳಿಸಿ, ಇರುವೆಗಳನ್ನು ರೂಲುದೊಣ್ಣೆಯಿಂದ ಒಂದೊಂದಾಗಿ ಒತ್ತತೊಡಗಿದ.

ಗುಂಡ್ಲುಪೇಟೆ ರಸ್ತೆಯ ತಪಾಸಣೆ ಗೇಟು ಅವನದೇ. ಊಟಿ ಕಡೆಯಿಂದ ಬರುವ ಲಾರಿ, ಬಸ್ಸು, ಕಾರು ಯಾವುದರಲ್ಲೂ ಹಸಿರುಕಡ್ಡಿ ಒಂದು ಈಚೆ ಬರಬಾರದು. ಲಾರಿ ಡ್ರೈವರು ಮುಂದಿನ ಗಾಜಿಗೆ ಕಟ್ಟಿದ್ದ ಸೊಪ್ಪಿನ ತೋರಣವನ್ನು ಕೀಳಿಸಿ ಸುಟ್ಟವನು ಅವನು. ಕೂನೂರಿನಿಂದ ಬಸುರಿ ಮಗಳನ್ನು ಕರೆತರುತ್ತಿದ್ದ ಮುದುಕಿಯ ಮಡಿಲಿನಿಂದ ಎರಡು ಕಿತ್ತಳೆಸಸಿ ಕಿತ್ತುಕೊಂಡವನೂ ಅವನೇ. ಆ ಮುದುಕಿ ಅಳಲಿಲ್ಲ, ಬಯ್ಯಲಿಲ್ಲ, ನಿನ್ನ ಮನೇಲಿ ಹೂ ಅರಳಲಿ ಕಣಪ್ಪ ಎಂದಳು. ಅದು ಹರಕೆಯೋ ಶಾಪವೋ ಎಂದು ಅವನು ಮೂರು ದಿನ ಯೋಚಿಸಿದ್ದ. ಹೋದ ಚೈತ್ರದಲ್ಲಿ ಸಭೆಗೆಂದು ಊಟಿಗೆ ಹೊರಟಾಗ ಸಾಹೇಬರ ಹೆಂಡತಿ ಪ್ರೇಮಲೀಲಾ, "ಅಲ್ಲಿ ಬೆಣ್ಣೆ ಬಣ್ಣದ ಗುಲಾಬಿ ಸಿಗತ್ತಂತೆ ದೊರೆಸ್ವಾಮಿಯವರೇ, ಬರೋವಾಗ ತನ್ನಿ ಅಂತ ಹೇಳಲ್ಲ, ಸುಮ್ನೆ ಹೇಳ್ದೆ," ಎಂದಿದ್ದಳು. ಆಗ ಅವನ ಹೆಸರು ಖಾಯಮಾತಿ ಪಟ್ಟಿಯಲ್ಲಿ ಸಾಹೇಬರ ಮೇಜಿನ ಮೇಲಿತ್ತು. ಎರಡು ಗಿಡ ತಂದ, ಒಂದು ಆಕೆಗೆ, ಒಂದು ಸುಂದರಮ್ಮನಿಗೆ. ಒದ್ದೆ ಗೋಣಿಯಲ್ಲಿ ಸುತ್ತಿದ ಗಿಡಗಳನ್ನು ಜೀಪಿನಲ್ಲಿ ಮರಿಯಯ್ಯ ತೊಡೆಯ ಮೇಲಿಟ್ಟುಕೊಂಡಿದ್ದ. ಗೇಟಿನ ಬಳಿ ದೊರೆಸ್ವಾಮಿಯ ಕೈಕೆಳಗಿನ ಕಾವಲುಗಾರ ಜೀಪು ಕಂಡ ಕೂಡಲೇ ಓಡಿಬಂದು ಅಡ್ಡಕಂಬ ಎತ್ತಿ, ಎದೆ ಸೆಟೆಸಿ ಸಲಾಮು ಹೊಡೆದ. ತನ್ನ ಜೀಪನ್ನು ತಾನೇ ನಿಲ್ಲಿಸಿ ತಪಾಸಣೆ ಮಾಡಿಕೊಳ್ಳುವುದು ಹೇಗೆ? ಆ ಸಲಾಮಿಗೆ ಅವನು ತಲೆಯಾಡಿಸಿದ್ದ. ಈಗ ನೆನೆದರೆ ಆ ಸಲಾಮು ತನಗಲ್ಲ, ಗೋಣಿಯೊಳಗೆ ಕೂತು ಗಡಿ ದಾಟುತ್ತಿದ್ದವರಿಗೆ ಸಂದಿತ್ತು ಅನಿಸುತ್ತಿತ್ತು.

ಸಾಹೇಬರು, ಅಂದರೆ ಇಲಾಖೆಯ ಜಿಲ್ಲಾ ಅಧಿಕಾರಿ ಲಕ್ಷ್ಮೀನರಸಿಂಹ ಅವರು, ರೆಂಬೆಯನ್ನು ದೂರದಿಂದಲೇ ನೋಡಿದರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. "ಕೂತ್ಕೊಳ್ಳಿ ದೊರೆಸ್ವಾಮಿ. ಇದೇನು ಅಂತ ನಾನು ಕೇಳೋದಿಲ್ಲ. ನೀವೂ ಹೇಳ್ಬೇಡಿ. ಹೇಳಿದ್ರೆ ನನಗೆ ಗೊತ್ತಾಗ್ಬಿಡತ್ತೆ." ಹೋದ ತಿಂಗಳು ತಾನೇ ವಿಧಾನಸಭೆಯಲ್ಲಿ ಯಾರೋ ಸದಸ್ಯರು ಪ್ರಶ್ನೆ ಕೇಳಿದ್ದಕ್ಕೆ, ಈ ಹುಳ ಜಿಲ್ಲೆಯಲ್ಲಿ ಇಲ್ಲ, ಬರುವ ಸಂಭವವೂ ಇಲ್ಲ ಎಂದು ಉತ್ತರ ಇದೇ ಕೋಣೆಯಿಂದ ಹೋಗಿತ್ತು. ಕರಡು ಬರೆದವನು ದೊರೆಸ್ವಾಮಿ. ಮಂತ್ರಿಗಳ ಬಾಯಲ್ಲಿ ಬಂದ ಮೇಲೆ ಅದು ಹುಳಕ್ಕೂ ಅನ್ವಯಿಸಬೇಕು ಎಂಬ ಹಾಗಿತ್ತು ಸಾಹೇಬರ ಮುಖ. ದೊರೆಸ್ವಾಮಿ ಮೆಲ್ಲಗೆ, ಆರೇ ಗಿಡವಂತೆ, ನೀಲಗಿರಿಯವರು ಸಾಕಿರುವ ಗುಲಗಂಜಿ ಹುಳ ತರಿಸಿ ಬಿಟ್ಟರೆ ತಿಂದು ಮುಗಿಸಿಬಿಡುತ್ತವೆ, ತೋಟಕ್ಕೆ ಏನೂ ಆಗುವುದಿಲ್ಲ ಎಂದ. ಸಾಹೇಬರು ಅದನ್ನೂ ಸಮಾಧಾನದಿಂದಲೇ ಕೇಳಿ, ತರಿಸಬೇಕಾದರೆ ಕಾಗದ ಬರೆಯಬೇಕು, ಯಾವ ಹುಳವನ್ನು ತಿನ್ನಿಸಲು ಬೇಕೆಂದು ಅದರಲ್ಲಿ ಹೇಳಬೇಕು, ಇಲ್ಲದ ಹುಳವನ್ನು ತಿನ್ನಲಿಕ್ಕೆ ಯಾರಾದರೂ ಗುಲಗಂಜಿ ಕಳಿಸುತ್ತಾರೆಯೇ ಎಂದು ವಿವರಿಸಿದರು. ಸುಡುವುದಕ್ಕಾದರೆ ಹುಳ ಇರಬೇಕೆಂದಿಲ್ಲ, ಮುನ್ನೆಚ್ಚರಿಕೆ ಸಾಕು. ಅರವತ್ತಕ್ಕೆ ಅರವತ್ತೂ ಕಡಿದು ನಾಳೆ ಬೆಳಿಗ್ಗೆಯೇ ಸುಟ್ಟುಬಿಡಿ ಎಂದರು. ದೊರೆಸ್ವಾಮಿ ಕುರ್ಚಿಯ ತುದಿಗೆ ಸರಿದ.

"ಸರ್, ಈ ಹುಳ ಎಲ್ಲಿಂದ ಬಂತು ಅಂದ್ರೆ..."

"ಬಂದೇ ಇಲ್ಲವಲ್ಲ," ಎಂದರು ಸಾಹೇಬರು. ಆಮೇಲೆ ಕಾಗದಗಳನ್ನು ಸರಿಸುತ್ತ, ನಮ್ಮನೇಲಿ ಹೇಳ್ತಿದ್ರು, ನೀವು ಕೊಟ್ಟ ಗುಲಾಬಿಗೆ ಮಹಿಳಾ ಸಮಾಜದ ಪ್ರದರ್ಶನದಲ್ಲಿ ಮೊದಲ ಬಹುಮಾನ ತಪ್ಪೋದಿಲ್ಲವಂತೆ ಎಂದು ನಕ್ಕರು. ದೊರೆಸ್ವಾಮಿಯೂ ನಕ್ಕ. ಹೊರಗೆ ಬಂದ ಮೇಲೂ ಆ ನಗು ಮುಖದಲ್ಲಿ ಉಳಿದಿತ್ತು. ಮರಿಯಯ್ಯ ಅದನ್ನು ನೋಡಿ ಖಾಯಮಾತಿ ಆಯಿತೆಂದುಕೊಂಡು ಸಂತೋಷಪಟ್ಟ.

ಸಂಜೆ ಮನೆಗೆ ನಡೆದು ಬರುವಾಗ ಅವನು ತನ್ನ ಪಾಪಕ್ಕೆ ಒಂದು ಅಳತೆ ಹುಡುಕುತ್ತಿದ್ದ. ಹುಳ ತಾನು ತಂದ ಗಿಡದಲ್ಲೇ ಬಂತೆಂದು ಸಾಬೀತೇನಿದೆ? ಗಾಳಿಯಲ್ಲಿ ಬರಬಹುದು. ಹಕ್ಕಿಯ ಕಾಲಿಗಂಟಿ ಬರಬಹುದು. ಹೆಬ್ಬಾಳಕ್ಕೂ ಸರಸ್ವತಿಪುರಂಗೂ ಎಷ್ಟು ದೂರ! ಮರದ ಮೇಲಿನ ಕಾಗೆಗಳನ್ನೆಲ್ಲ ಅವನು ಅನುಮಾನದಿಂದ ನೋಡಿದ, ಅವು ಅವನನ್ನು ನೋಡಿದವು. ಅಂಗಳದಲ್ಲಿ ಸುಂದರಮ್ಮ ಗುಲಾಬಿಯ ಬುಡಕ್ಕೆ ಅಕ್ಕಿ ತೊಳೆದ ನೀರು ಹಾಕುತ್ತಿದ್ದಳು. ಮದುವೆಯಾಗಿ ಹದಿನಾರು ವರ್ಷದಲ್ಲಿ ಗಂಡನ ನೌಕರಿಯಿಂದ ಅವಳಿಗೆ ಸಿಕ್ಕಿದ್ದು ಔಷಧಿಯ ವಾಸನೆ ಹೊಡೆಯುವ ಅಂಗಿಗಳು ಮಾತ್ರ. ಈ ಗಿಡ ಬಂದಮೇಲೆ ಪ್ರೇಮಲೀಲಾ ಎರಡು ಸಲ ಮನೆಗೆ ಬಂದು, ಹಾಸಿದ ಚಾಪೆಯ ಮೇಲೆ ಕೂತು, ಕಾಫಿ ಕುಡಿದು, ಅರಿಸಿನ ಕುಂಕುಮ ಇಟ್ಟುಕೊಂಡು ಹೋಗಿದ್ದಳು. ಆಮೇಲೆ ಬೀದಿಯ ಹೆಂಗಸರು ಸುಂದರಮ್ಮನನ್ನು ನಲ್ಲಿಯ ಹತ್ತಿರ ಮೊದಲು ಬಿಡುತ್ತಿದ್ದರು. ದೊರೆಸ್ವಾಮಿ ಚಪ್ಪಲಿ ಬಿಡದೆಯೇ, ಆ ಗಿಡ ಕೀಳಬೇಕು ಕಣೇ, ರೋಗ ಬಂದಿದೆ ಎಂದ. ಅವಳು ಚೆಂಬು ಕೆಳಗಿಟ್ಟಳು.

"ಕೀಳಿ. ನಾಳೆ ಪ್ರೇಮಲೀಲಾ ಅವ್ರು ಇನ್ನೊಂದು ಕಡ್ಡಿ ಕೇಳ್ಕೊಂಡು ಬರ್ತಾರೆ. ನಿಮ್ಮನೇದೂ ಕೀಳಿ ಅಂತ ಅವ್ರಿಗೂ ನೀವೇ ಹೇಳಿ. ನಾನು ಒಳಗೆ ಇರ್ತೀನಿ."

ಅವನು ಕೀಳಲಿಲ್ಲ. ಸೀಮೆಎಣ್ಣೆ ಬೆರೆಸಿದ ಸಾಬೂನುನೀರು ಮಾಡಿಕೊಂಡು, ಚಿಂದಿಯಿಂದ ಒಂದೊಂದೇ ಎಲೆಯನ್ನು, ಹಸುಗೂಸಿನ ಕಿವಿ ಒರೆಸುವ ಹಾಗೆ, ಮೇಲೆ ಕೆಳಗೆ ಒರೆಸಿದ. ಹತ್ತಿಚೀಲ ಒಡೆದಾಗ ಕೆಂಪು ಮೊಟ್ಟೆಗಳು ಕುಂಕುಮದ ಪುಡಿಯಂತೆ ಮಣ್ಣಿಗೆ ಉದುರಿದವು. ಒರೆಸಿದರೆ ಹುಳ ಪೂರ್ತಿ ಹೋಗುವುದಿಲ್ಲ, ಗಿಡವನ್ನು ಸುಡುವುದೊಂದೇ ದಾರಿ ಎಂದು ರೈತರಿಗಾಗಿ ಅವನೇ ಬರೆದ ಕರಪತ್ರದಲ್ಲಿ, ದಪ್ಪ ಅಕ್ಷರದಲ್ಲಿ, ಅಚ್ಚಾಗಿತ್ತು. ಆ ಕರಪತ್ರ ರೈತರಿಗಾಗಿ ಎಂದುಕೊಂಡು ಇನ್ನೊಂದು ಎಲೆ ಮಗುಚಿದ.

ಮಾರನೆಯ ಬೆಳಿಗ್ಗೆ ಜೀಪಿನಲ್ಲಿ ನಾಲ್ಕು ಕೊಡಲಿ, ಸೀಮೆಎಣ್ಣೆ ಡಬ್ಬ, ಮರಿಯಯ್ಯ ಮತ್ತು ಇಬ್ಬರು ಆಳುಗಳೊಡನೆ ಅವನು ಹೆಬ್ಬಾಳಕ್ಕೆ ಹೋದ. ಗಿಡಗಳೆಲ್ಲ ಮೊಳಕಾಲಿನಿಂದ ಎದೆಯುದ್ದಕ್ಕೆ ಬೆಳೆದು, ಎಳೆಹಸಿರು ಕಾಯಿ ಬಿಟ್ಟಿರಬಹುದು ಎಂದುಕೊಂಡು ಬಂದಿದ್ದ. ಆದರೆ ಅವು ಅವನಿಗಿಂತ ಎತ್ತರವಾಗಿದ್ದವು. ಒಳಗೆ ಕಾಲಿಟ್ಟರೆ ಮುಖಕ್ಕೆ ನಿಂಬೆಹೂವಿನ ತಂಪು ವಾಸನೆ ತಾಕಿ, ಮುಳ್ಳು ತೋಳಿಗೆ ಗೀರಿತು. ಹುಳ ಹತ್ತಿದ್ದ ಆರು ಗಿಡವೂ ಬಾವಿಯ ಪಕ್ಕದಲ್ಲಿದ್ದವು. ಅವುಗಳ ನಡುವೆ, ಬಚ್ಚಲುನೀರು ಹರಿಯುವ ಕಡೆ, ಸುತ್ತ ಕಲ್ಲು ಇಟ್ಟು ದೇವರಂತೆ ಕಾಪಾಡಿದ ಒಂದು ಪುಟ್ಟ ಗಿಡ. ಅದರಲ್ಲಿ ಎರಡು ಬೆಣ್ಣೆ ಬಣ್ಣದ ಗುಲಾಬಿ ಅರಳಿದ್ದವು. ದೊರೆಸ್ವಾಮಿ ಅದರ ಎದುರು ನಿಂತುಬಿಟ್ಟ. ಗಾಳಿಯೂ ಅಲ್ಲ, ಕಾಗೆಯೂ ಅಲ್ಲ. ಅವನು ಗಿಡವನ್ನೇ ನೋಡುತ್ತಿರುವುದನ್ನು ಕಂಡು ಬೆಟ್ಟಮ್ಮ ನಾಚಿಕೆಯಿಂದಲೂ ಬಿಂಕದಿಂದಲೂ, ಗೌರಿಹಬ್ಬದಲ್ಲಿ ಹಣ್ಣು ಕೊಡಲು ಹೋದಾಗ ಸಾಹೇಬರ ಮನೆ ಅಮ್ಮಾವರು ವೀಳ್ಯದ ಜೊತೆ ಮಡಿಲಿಗಿಟ್ಟ ಕಡ್ಡಿ ಅದು, ಬೇರೆ ಯಾರಿಗೂ ಕೊಟ್ಟಿಲ್ಲವಂತೆ ಎಂದಳು. ಪ್ರೇಮಲೀಲಾ ಆ ಗೌರಿಹಬ್ಬದಲ್ಲಿ ಯಾರ ಯಾರ ಮಡಿಲಿಗೆ ಇಟ್ಟಿದ್ದಾಳೋ, ಹಾಗೆ ಇಟ್ಟವರಿಗೆಲ್ಲ ಬೇರೆ ಯಾರಿಗೂ ಕೊಟ್ಟಿಲ್ಲವೆಂದೇ ಹೇಳಿರುತ್ತಾಳೆ. ಅರಿಸಿನ ಕುಂಕುಮ ಹೋದ ದಾರಿಯಲ್ಲೆಲ್ಲ ಹುಳವೂ ಹೋಗಿದೆ, ಗೇಟಿಲ್ಲದ ದಾರಿ, ಕಂಬವಿಲ್ಲದ ದಾರಿ.

ಅವನು ಹುಕುಮು ಓದಿ ಹೇಳಿದ. ಮುನ್ನೆಚ್ಚರಿಕೆ ಎಂಬ ಮಾತು ಬಂದಾಗ ಜವರಯ್ಯನಿಗೆ ಅರ್ಥವಾಗಲಿಲ್ಲ, ಅರವತ್ತು ಎಂದಾಗ ಆಯಿತು. ಅವನು ಆರು ಎಂದಲ್ಲವೇ ತಾನು ಹೇಳಿದ್ದು ಎಂದು ಎರಡು ಸಲ ಕೇಳಿದ. ತಂದು ತೋರಿಸಿ ಅಂತ ನೀವೇ ಅಂದಿರಲ್ಲ ಸ್ವಾಮಿ ಎಂದ. ಆಳುಗಳು ಮೊದಲ ಗಿಡಕ್ಕೆ ಕೊಡಲಿ ಹಾಕಿದಾಗ ಗಂಡ ಹೆಂಡತಿ ಇಬ್ಬರೂ ಬೇರೆಯವರ ಮನೆಯಲ್ಲಿ ನಡೆಯುತ್ತಿರುವ ಜಗಳ ನೋಡುವವರಂತೆ ದೂರ ನಿಂತರು. ಹಸಿಗಿಡ ಬೇಗ ಹತ್ತಿಕೊಳ್ಳುವುದಿಲ್ಲವೆಂದು ಮರಿಯಯ್ಯ ಅವರದೇ ಬಣವೆಯಿಂದ ಹುಲ್ಲು ಕೇಳಿದ. ಜವರಯ್ಯ ಹೋಗಿ ಹಿರಿದು ತಂದುಕೊಟ್ಟ. ಸರಕಾರದ ಕೆಲಸಕ್ಕೆ ಬಂದವರು ಕೇಳಿದ್ದನ್ನು ಕೊಡುವ ಅಭ್ಯಾಸ ಆ ಕೈಗಳಿಗಿತ್ತು. ಮಧ್ಯಾಹ್ನದ ಹೊತ್ತಿಗೆ ಅರವತ್ತೂ ಉರುಳಿ, ರಾಶಿಯಾಗಿ, ಮೇಲೆ ಹುಲ್ಲು ಹೊದ್ದುಕೊಂಡವು. ಅಷ್ಟು ಹೊತ್ತೂ ನಿಂತೇ ಇದ್ದ ದೊರೆಸ್ವಾಮಿಗೆ ಕೂರಲೆಂದು ಜವರಯ್ಯ ತನ್ನ ಅಂಗವಸ್ತ್ರ ಕೊಡವಿ ಬಾವಿಕಟ್ಟೆಯ ಮೇಲೆ ಹಾಸಿದ. ಆ ಚೌಕ ಬಟ್ಟೆ ನೋಡಿದ್ದೇ ದೊರೆಸ್ವಾಮಿಯ ಒಳಗೆ ಏನೋ ಕಿತ್ತುಹೋಯಿತು. ಖಾಯಮಾತಿ, ಸಾಹೇಬರು, ನಲ್ಲಿಯ ಹತ್ತಿರ ಮೊದಲು ನಿಲ್ಲುವ ಸುಂದರಮ್ಮ, ಎಲ್ಲ ಹಿಂದೆ ಸರಿದು, ಈಗ ಹೇಳಿಬಿಟ್ಟರೆ ತಾನು ಹಗುರಾಗಿ ಮನೆಗೆ ಹೋಗಬಹುದೆಂಬ ಆಸೆ ಒಂದೇ ಉಳಿಯಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನ ನಾಲಗೆಗೆ ಒಬ್ಬ ರೈತನ ಎದುರು ಬಹುವಚನ ಬಂತು.

"ಜವರಯ್ಯನೋರೇ, ಈ ಹುಳ ನಿಮ್ಮ ತೋಟದ್ದಲ್ಲ. ನಾನು ತಂದದ್ದು. ಊಟಿಯಿಂದ ಕದ್ದು ತಂದೆ. ಆ ಗುಲಾಬಿ ಜೊತೇಲಿ. ಸಾಹೇಬರ ಮನೇಲಿರೋದೂ ನಾನು ತಂದ ಗಿಡವೇ."

ಮರಿಯಯ್ಯ ಕೊಡಲಿಯ ಬಾಯಿಗೆ ಅಂಟಿದ ತೊಗಟೆಯನ್ನು ಉಗುರಿನಿಂದ ಕೆರೆಯತೊಡಗಿದ. ಜವರಯ್ಯ ದೊರೆಸ್ವಾಮಿಯ ಮುಖವನ್ನು ನೋಡಿದ. ಜವರಯ್ಯನ ಕಣ್ಣಲ್ಲಿ ನೀರು ಬಂತು. ದೊರೆಸ್ವಾಮಿ ಬೈಗುಳಕ್ಕೆ ಕಾದ, ಹೊಡೆತಕ್ಕೂ ಕಾದ, ಬಂದರೆ ಒಳ್ಳೆಯದೆಂದೂ ಅಂದುಕೊಂಡ.

"ಬುಡಿ ಸ್ವಾಮಿ," ಎಂದ ಜವರಯ್ಯ. "ನಮ್ಮ ಸಂಕ್ಟ ನೋಡ್ನಾರ್ದೆ ಇಂಗಂತೀರಿ, ಗೊತ್ತಾಯ್ತದೆ. ನಮ್ ಗ್ರಾಚಾರ ನಾವು ಉಣ್ಬೇಕು. ನೀವ್ಯಾಕೆ ತಲೆ ಮ್ಯಾಲ್ ಹಾಕ್ಕಂಡೀರಿ." ಆಮೇಲೆ ಆಳುಗಳ ಕಡೆ ತಿರುಗಿ, ಇಂಥ ಅಧಿಕಾರಿಗಳನ್ನು ತಾನು ಕಂಡೇ ಇಲ್ಲ, ಬರುವವರೆಲ್ಲ ನಮ್ಮದೇ ತಪ್ಪು ಅನ್ನುವವರೇ, ಇವರು ನೋಡಿ ಎಂದು ಹೇಳಿದ. ಆಳುಗಳು ಒಪ್ಪಿ ತಲೆಯಾಡಿಸಿದರು. ದೊರೆಸ್ವಾಮಿ ಇಲ್ಲ, ನಿಜ, ಕೇಳಿ ಎಂದು ಇನ್ನೊಮ್ಮೆ ಹೇಳಹೋದ. ಹೇಳಿದಷ್ಟೂ ತಾನು ಇನ್ನೂ ದೊಡ್ಡ ಮನುಷ್ಯನಾಗುತ್ತಿದ್ದೇನೆಂದು ತಿಳಿದು ನಿಲ್ಲಿಸಿದ. ಮತ್ತು ನಾಚಿಕೆಗೇಡೆಂದರೆ, ಎದೆಯ ಯಾವುದೋ ಮೂಲೆಯಲ್ಲಿ ಬೆಚ್ಚಗಾಯಿತು. ಹೇಳಿದ್ದಾಯಿತು. ನಂಬದಿದ್ದರೆ ಅದು ಅವರ ಪಾಡು.

ಬೆಟ್ಟಮ್ಮ ಗಂಡನನ್ನು ನೋಡಲಿಲ್ಲ. ಗುಲಾಬಿಗಿಡವನ್ನು ನೋಡಿದಳು, ಪಕ್ಕದ ಆರು ಬುಡಗಳನ್ನು ನೋಡಿದಳು, ಬಾವಿಯವರೆಗೂ ಕಣ್ಣಿನಿಂದಲೇ ಅಳೆದಳು. ಮಾರುಕಟ್ಟೆಯಲ್ಲಿ ಕೊಳೆತ ಹಣ್ಣು ಯಾರ ಬುಟ್ಟಿಯಿಂದ ಯಾರ ಬುಟ್ಟಿಗೆ ಬಂತೆಂದು ದಿನಾ ಗುರುತು ಹಿಡಿಯುವ ಕಣ್ಣುಗಳು ಅವು. ಆಮೇಲೆ ಸೆರಗು ಬಿಗಿದು ದೊರೆಸ್ವಾಮಿಯ ಎದುರಿಗೆ ಬಂದು ನಿಂತಳು.

"ಅಂಗಾರೆ, ನಿಮ್ಮನೇಲಿರೋ ಗಿಡವ ಸುಟ್ರಾ ಬುದ್ಧಿ?"

ಅವನನ್ನು ಆ ತನಕ ಯಾರೂ ಉತ್ತರ ಬೇಕೆಂದು ಏನನ್ನೂ ಕೇಳಿರಲಿಲ್ಲ ಎಂದು ಅವನಿಗೆ ಆಗ ಅನಿಸಿತು. ಸರಸ್ವತಿಪುರಂನ ಅಂಗಳ ಕಣ್ಣೆದುರು ಬಂತು. ಒರೆಸಿದ ಎಲೆಗಳು ಬಿಸಿಲಿಗೆ ಹೊಳೆಯುತ್ತಿರಬಹುದು. ಇಷ್ಟು ಹೊತ್ತಿಗೆ ಪ್ರೇಮಲೀಲಾ ಬಂದು ಚಾಪೆಯ ಮೇಲೆ ಕೂತು, ಸುಂದರಮ್ಮ ಕಡ್ಡಿ ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತುತ್ತಿರಬಹುದು. ಬೆಟ್ಟಮ್ಮನ ಕಣ್ಣು ಕದಲಲಿಲ್ಲ.

"ಸುಟ್ಟೆ," ಎಂದ.

"ಅಮ್ಮಾವ್ರ ಮನೇದು?"

"ಅದನ್ನೂ."

ಅವಳು ಅದನ್ನು ನಂಬಿದಳು. ತಲೆಯಾಡಿಸಿ ಹೋಗಿ, ಕಲ್ಲು ಸರಿಸಿ, ಮುಳ್ಳು ಲೆಕ್ಕಿಸದೆ ಎರಡೂ ಕೈಯಿಂದ ಹಿಡಿದು ಗುಲಾಬಿಗಿಡವನ್ನು ಬೇರು ಸಮೇತ ಕಿತ್ತು ತಂದಳು. ಹೂ ಇದ್ದ ಹಾಗೆಯೇ ರಾಶಿಯ ಮೇಲೆ ಹಾಕಿ, ಉದುರಿದ ಎಲೆಗಳನ್ನೂ ಒಂದು ಬಿಡದೆ ಆಯ್ದು ಹಾಕಿ, ರಕ್ತ ಬಂದ ಬೆರಳನ್ನು ಸೀರೆಗೆ ಒರೆಸಿಕೊಂಡಳು. ಮರಿಯಯ್ಯ ಸೀಮೆಎಣ್ಣೆ ಸುರಿದು ಬೆಂಕಿಪೊಟ್ಟಣವನ್ನು ದೊರೆಸ್ವಾಮಿಯ ಕೈಗಿತ್ತ. ದೊರೆಸ್ವಾಮಿ ಕಡ್ಡಿ ತೆಗೆದ, ಗೀರದೆ ನಿಂತ. ಬೆಟ್ಟಮ್ಮ ತಲೆಯೆತ್ತಿ ಗಾಳಿ ಯಾವ ಕಡೆಗಿದೆಯೆಂದು ನೋಡಿದಳು.

"ಬಿರ್ರನೆ ಹಚ್ಬುಡಿ ಬುದ್ಧಿ. ಗಾಳಿ ಎದ್ದರೆ ಪಕ್ಕದೋರ ರಾಗಿ ಮೆದೆಗೆ ಕಿಡಿ ಹಾರೀತು."